ಚಿನ್ನಿಗೆ ಕೇಳಿಸುವಂಥ ಶಾಲೆ

ಶಿವರಾತ್ರಿಯ ಜನಜಂಗುಳಿ ಕರಗಿದ ವಾರ, ಕಾಶಿಯ ಶಿವಾಲದಲ್ಲಿರುವ ನಮ್ಮ ಮಕ್ಕಳ ಕ್ಲಿನಿಕ್ಕಿಗೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಕೈಯಲ್ಲಿ ಶಾಲೆಯೊಂದರ ಚೀಟಿ. ಮಗು ಮಾತಾಡುವುದಿಲ್ಲ, ಹೇಳಿದ್ದು ಅದಕ್ಕೆ ತಿಳಿಯುವುದಿಲ್ಲ, ತಜ್ಞರ ವರದಿ ತಂದರೆ ನರ್ಸರಿ ಪ್ರವೇಶದ ವಿಚಾರ ಮಾಡುತ್ತೇವೆ ಎಂದು ಅದರಲ್ಲಿ ಹಿಂದಿಯಲ್ಲಿ ಬರೆದಿತ್ತು. ನಾನು ಆ ಕ್ಲಿನಿಕ್ಕಿನಲ್ಲಿ ಮಕ್ಕಳ ಕಿವಿ ಮತ್ತು ಮಾತನ್ನು ಪರೀಕ್ಷಿಸುವವಳು. ಚೀಟಿಯಲ್ಲಿದ್ದ ಮನೆತನದ ಹೆಸರು ನೋಡಿ, "ಕನ್ನಡದವರಾ?" ಎಂದು ಕೇಳಿದೆ.

ಅವರ ಮುಖ ಒಮ್ಮೆಲೇ ಸಡಿಲವಾಯಿತು. "ಹೌದ್ರಿ ಅಕ್ಕಾರ. ಗದಗ ಕಡೇರು. ಜಂಗಮವಾಡ್ಯಾಗ ಇರ್ತೀವಿ. ನಮ್ಮನೇರು ಮಠದ ಆಫೀಸ್ನ್ಯಾಗ ಅದಾರ, ನಾನು ಅಲ್ಲೇ ಅಡಗಿಮನ್ಯಾಗ."

ಮಗುವಿಗೆ ಮೂರು ವರ್ಷ ಹತ್ತು ತಿಂಗಳು. ಮನೆಯಲ್ಲಿ ಚಿನ್ನಿ ಎಂದು ಕರೆಯುತ್ತಿದ್ದರು. ತಾಯಿಯ ಸೆರಗು ಹಿಡಿದು ಗೋಡೆಗೆ ಅಂಟಿ ನಿಂತಿದ್ದಳು.

ಆ ದಿನ ಎಲ್ಲವೂ ಅವಸರದ್ದೇ. ಕಿವಿಯ ಪರದೆಯ ಹಿಂದೆ ನೀರು ತುಂಬಿದೆಯೇ ಎಂದು ತೋರಿಸುವ ಯಂತ್ರ ರಿಪೇರಿಗೆಂದು ಲಖನೌಗೆ ಹೋಗಿತ್ತು. ಕಿವಿಯೊಳಗೆ ಬೆಳಕು ಬಿಟ್ಟು ನೋಡಲು ಹೋದರೆ ಚಿನ್ನಿ ಕಿರುಚಿದಳು. ಗುಗ್ಗೆ ಬೇರೆ ಅಡ್ಡವಿತ್ತು. ಹೆಡ್‌ಫೋನನ್ನು ಎರಡು ಸಲ ಕಿತ್ತೆಸೆದಳು. ಹಿಂದಿನಿಂದ ಚಪ್ಪಾಳೆ ತಟ್ಟಿದೆ, ತಿರುಗಿದಳು. ಗಿಲಕಿ ಆಡಿಸಿದೆ, ತಿರುಗಿದಳು. ಸದ್ಯಕ್ಕೆ ಕಿವಿ ಪರವಾಗಿಲ್ಲ ಎಂದುಕೊಂಡು ಚಿತ್ರದ ಕಾರ್ಡುಗಳನ್ನು ತೆಗೆದೆ. ಮೊದಲು ಹಿಂದಿಯಲ್ಲಿ ಕೇಳಿದೆ, ಆಮೇಲೆ ಕನ್ನಡದಲ್ಲಿ. "ಬೆಕ್ಕು ಎಲ್ಲಿದೆ ತೋರಿಸು. ಮರದ ಕೆಳಗೆ ಯಾರು ಕೂತಿದ್ದಾರೆ?" ನನ್ನ ದನಿ ಮೊದಲಿನಿಂದಲೂ ಮೆತ್ತಗಿನದು. ಹೆದರಿದ ಮಕ್ಕಳ ಜೊತೆ ಅದನ್ನು ಇನ್ನಷ್ಟು ತಗ್ಗಿಸುವುದು ನನ್ನ ಅಭ್ಯಾಸ. ಇಪ್ಪತ್ತು ಕಾರ್ಡುಗಳಲ್ಲಿ ಚಿನ್ನಿ ಮೂರಕ್ಕೆ ಬೆರಳಿಟ್ಟಳು. ಬಾಯಿಂದ ಒಂದು ಮಾತೂ ಬರಲಿಲ್ಲ.

"ಮನ್ಯಾಗ ಇಡೀ ದಿನ ಮಾತಾಡ್ತಾಳ್ರಿ ಅಕ್ಕಾರ. ಇಲ್ಲಿ ಬಂದು ಹಿಂಗ್ಯಾಕ ಮಾಡಾಕತ್ತಾಳೋ," ಎಂದರು ತಾಯಿ. ಈ ಮಾತನ್ನು ನನ್ನ ಕೋಣೆಗೆ ಬರುವ ತಾಯಂದಿರಲ್ಲಿ ಹೇಳದವರೇ ಕಡಿಮೆ. ತಲೆಯಾಡಿಸಿದೆ.

ಶಾಲೆ ಮೂರು ದಿನಗಳೊಳಗೆ ವರದಿ ಕೇಳಿತ್ತು. ಬರೆದೆ: ಎರಡೂ ಭಾಷೆಗಳಲ್ಲಿ ಗ್ರಹಿಕೆ ವಯಸ್ಸಿಗಿಂತ ಬಹಳ ಹಿಂದಿದೆ, ಸಾಮಾನ್ಯ ನರ್ಸರಿಗಿಂತ ವಿಶೇಷ ಶಾಲೆಯ ವಿಚಾರ ಮಾಡಬಹುದು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಶ್ರವಣ ಪರೀಕ್ಷೆ ಪೂರ್ಣವಾಗಿಲ್ಲ ಎಂದೂ ಸೇರಿಸಿದೆ. ಆ ಒಂದು ಸಾಲು ನನ್ನನ್ನು ಕಾಯುತ್ತದೆ ಎಂಬ ಭಾವನೆ ಇತ್ತೋ ಏನೋ. ಸಹಿ ಹಾಕಿ ಮೊಹರು ಒತ್ತಿದೆ.

ವರದಿ ಕೊಟ್ಟ ನಾಲ್ಕನೇ ದಿನ ತಾಯಿ ಒಬ್ಬರೇ ಬಂದರು. ಆ ಶಾಲೆ ಪ್ರವೇಶ ಕೊಡುವುದಿಲ್ಲ ಎಂದಿತ್ತು. ವರದಿಯ ನಕಲು ನೋಡಿ ಇನ್ನೊಂದು ಶಾಲೆಯೂ ಕೈಬಿಟ್ಟಿತ್ತು.

"ನಮ್ಮನೇರು ಈಗ ಬ್ಯಾರೇನ ಹೇಳಾಕತ್ತಾರ್ರಿ. ಮಗೀನ್ನ ಊರಿಗೆ ಕಳಸೋಣ, ಅವರ ಅಕ್ಕನ ಮನ್ಯಾಗ ಇದ್ದು ಅಲ್ಲೇ ಅಂಗನವಾಡಿಗೆ ಹೋಗ್ಲಿ, ಕನ್ನಡದಾಗಾದ್ರೂ ಕಲೀಲಿ ಅಂತ. ನಾ ಕೆಲಸ ಬಿಟ್ಟು ಹೋಗಾಕ ಆಗೂದಿಲ್ಲ. ಏಪ್ರಿಲ್ನ್ಯಾಗ ಅವ್ರ ತಮ್ಮ ಬರಾಂವ ಅದಾನ, ಅವನ ಜೋಡಿ ಕಳಸ್ತಾರಂತ." ಆಕೆ ಅಳಲಿಲ್ಲ. ನನ್ನ ಮೇಜಿನ ಅಂಚನ್ನು ಹಿಡಿದುಕೊಂಡರು. "ಒಮ್ಮೆ ಮನಿಗೆ ಬಂದ್ ಕೇಳ್ರಿ ಅಕ್ಕಾರ. ಒಮ್ಮೆ."

ಹೋಗಲೇಬೇಕೆಂದೇನೂ ಇರಲಿಲ್ಲ. ಆದರೆ ಎರಡು ದಿನ ಬೇರೆ ಮಕ್ಕಳಿಗೆ ಅದೇ ಕಾರ್ಡುಗಳನ್ನು ತೋರಿಸುವಾಗ ಆ ತಾಯಿಯ 'ಒಮ್ಮೆ' ಕಿವಿಯಲ್ಲೇ ಇತ್ತು. ಭಾನುವಾರ ಬೆಳಿಗ್ಗೆ ಗೋದೌಲಿಯಾ ವೃತ್ತದವರೆಗೆ ಟೋಟೋ ಎಂಬ ಬ್ಯಾಟರಿ ರಿಕ್ಷಾದಲ್ಲಿ ಹೋಗಿ, ಅಲ್ಲಿಂದ ಗಲ್ಲಿಗಳಲ್ಲಿ ನಡೆದೆ.

ಅವರದು ಎರಡನೇ ಮಹಡಿಯ ಒಂದು ಕೋಣೆ. ಪಕ್ಕದ ಕೋಣೆಯಲ್ಲಿ ಹಾವೇರಿ ಕಡೆಯ ಒಬ್ಬ ಅಜ್ಜಿ, ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಬಂದು ಆರು ವರ್ಷವಾದವರು. ತಾಯಿ ಅಡುಗೆಮನೆಗೆ ಹೋದಾಗ ಚಿನ್ನಿಯನ್ನು ನೋಡಿಕೊಳ್ಳುವವರು ಅವರೇ. ನಾನಿನ್ನೂ ಮೆಟ್ಟಿಲಲ್ಲಿದ್ದೆ. ಮೇಲಿನಿಂದ ಎರಡು ದನಿ, ಜಗಳವೇನೋ ಎನ್ನುವಷ್ಟು ಜೋರಾಗಿ ಕೇಳಿಸಿತು.

"ಮಂಗ್ಯಾ ಬಂದಿತ್ತು ಅಜ್ಜೀ! ಬಾಳೆಹಣ್ಣು ಒಯ್ತು! ನಿನ್ನ ಚಾಳೀಸೂ ಒಯ್ತಿತ್ತು, ನಾ ಹುಶ್ ಅಂದೆ, ಓಡಿಹೋತು!"

"ಒಯ್ದಿದ್ರ ಏನ್ ಮಾಡ್ತಿದ್ದಿ?"

"ಅದಕ್ಕ ರೊಟ್ಟಿ ಕೊಟ್ಟು ಇಸ್ಕೋತಿದ್ದೆ!"

ಅಲ್ಲೇ ನಿಂತುಬಿಟ್ಟೆ. ನಾಲ್ಕು ವರ್ಷ ತುಂಬದ ಮಗು 'ಒಯ್ತಿತ್ತು' ಎನ್ನುತ್ತಿದೆ, 'ಕೊಟ್ಟು ಇಸ್ಕೋತಿದ್ದೆ' ಎನ್ನುತ್ತಿದೆ. ಆಗದೇ ಹೋದದ್ದನ್ನು, ಆಗಬಹುದಾಗಿದ್ದನ್ನು ಬೇರೆಬೇರೆಯಾಗಿ ಹೇಳಬಲ್ಲ ಮಗುವಿನ ಬಗ್ಗೆ ನಾನು ಬರೆದದ್ದೇನು?

ಒಳಗೆ ಹೋದೆ. ಅಜ್ಜಿ ಚಾಳೀಸನ್ನು ಮೂಗಿಗೇರಿಸಿ, ಮಗುವಿನ ಮುಖಕ್ಕೆ ಮುಖ ಕೊಟ್ಟು ಕೂತು ಅಕ್ಕಿ ಆರಿಸುತ್ತಿದ್ದರು. "ನಮಸ್ಕಾರ ಅಜ್ಜಿ" ಎಂದೆ. ಅವರು ಮೇಲೆ ನೋಡಲಿಲ್ಲ. ತಾಯಿ ಒಲೆಯ ಬಳಿಯಿಂದಲೇ, "ಜೋರ್ ಮಾತಾಡ್ರಿ ಅಕ್ಕಾರ, ಅಜ್ಜಿಗೆ ಕಿವಿ ಮಂದ," ಎಂದರು. ಹೇಳುವಾಗ ಅವರ ದನಿಯೂ ಇಡೀ ಮಹಡಿಗೆ ಕೇಳುವಂತಿತ್ತು. ಅಜ್ಜಿಗಾಗಿ ಎಲ್ಲರೂ ಗಟ್ಟಿಯಾಗಿ ಮಾತಾಡಿ ಆ ಮನೆಯ ದನಿಯೇ ಹಾಗಾಗಿತ್ತು.

ಸುಮ್ಮನೆ ಚಿನ್ನಿಯ ಹಿಂದೆ ಹೋಗಿ ನಿಂತೆ. ಕ್ಲಿನಿಕ್ಕಿನಲ್ಲಿ ಮಾತಾಡುವಷ್ಟೇ ದನಿಯಲ್ಲಿ, "ಚಿನ್ನಿ, ಪೇಪರಮಿಟ್ ಬೇಕಾ?" ಎಂದೆ.

ಅವಳು ಅಕ್ಕಿಯಲ್ಲಿ ಕಲ್ಲು ಹುಡುಕುತ್ತಲೇ ಇದ್ದಳು.

ಇನ್ನೊಮ್ಮೆ ಹೇಳಿದೆ. ಇಲ್ಲ. ಮೂರನೇ ಸಲ ಅಜ್ಜಿಯ ಹಾಗೆ ಕೂಗಿದೆ. ಥಟ್ಟನೆ ತಿರುಗಿ ಕೈ ಚಾಚಿದಳು.

ಚಪ್ಪಾಳೆಗೂ ಗಿಲಕಿಗೂ ಅವಳು ಯಾಕೆ ತಿರುಗಿದ್ದಳು, ನನ್ನ ಮೆತ್ತಗಿನ ಪ್ರಶ್ನೆಗಳಿಗೆ ಯಾಕೆ ಉತ್ತರಿಸಲಿಲ್ಲ ಎಂಬುದು ಆಗ ತಿಳಿಯಿತು. ಮಗು ಕಿವುಡಿಯಲ್ಲ, ಮಂದಬುದ್ಧಿಯೂ ಅಲ್ಲ, ಅರ್ಧಂಬರ್ಧ ಕೇಳುತ್ತಿದೆ. ಅಜ್ಜಿಯ ಮಂದ ಕಿವಿಯಿಂದಾಗಿ ಅವಳಿಗೆ ಮಾತು ಬಂದಿತ್ತು. ಅವಳಿಗೇ ಕೇಳುವುದು ಕಡಿಮೆ ಎಂಬುದು ಮನೆಯವರಿಗೆ ಗೊತ್ತಾಗದೇ ಹೋದದ್ದೂ ಅದರಿಂದಲೇ.

ಯಂತ್ರ ಲಖನೌದಿಂದ ಬರಲು ಇನ್ನೂ ಎಂಟು ದಿನ ಹಿಡಿಯಿತು. ನಡುವೆ ಹೋಳಿ ಬಂದು ಮೂರು ದಿನ ಊರೇ ಮುಚ್ಚಿತು. ನಾನು ದಿನಕ್ಕೆರಡು ಸಲ ಫೋನ್ ಮಾಡಿ ಕಾಡುತ್ತಿದ್ದೆ. ಮೊದಲು ಚೀಟಿ ಕೊಟ್ಟಿದ್ದ ದೊಡ್ಡ ಶಾಲೆಯ ಪ್ರವೇಶ ಮಾರ್ಚ್ ಕೊನೆಗೆ ಮುಗಿಯುತ್ತಿತ್ತು. ಮಗುವಿನ ಚಿಕ್ಕಪ್ಪ ಬರುವ ದಿನವೂ ಹತ್ತಿರವಾಗುತ್ತಿತ್ತು.

ಯಂತ್ರ ಬಂದ ದಿನವೇ ಚಿನ್ನಿಯನ್ನು ಕರೆಸಿದೆ. ಗುಗ್ಗೆಗೆ ಮೊದಲೇ ಎಣ್ಣೆಹನಿ ಹಾಕಿಸಿದ್ದರಿಂದ ಕಿವಿ ಶುಚಿಯಾಗಿತ್ತು. ಪರದೆ ಮಂಕಾಗಿ, ಒಳಕ್ಕೆ ಎಳೆದುಕೊಂಡಂತೆ ಕಂಡಿತು. ಯಂತ್ರದ ಮೊನೆಯನ್ನು ಕಿವಿಗಿಟ್ಟರೆ ಕಾಗದದ ಮೇಲೆ ಗುಡ್ಡದ ಆಕಾರದ ಗೆರೆ ಬರಬೇಕು. ಎರಡೂ ಕಿವಿಗಳಲ್ಲಿ ಗೆರೆ ಚಪ್ಪಟೆ. ಪರದೆಯ ಹಿಂದೆ ಅಂಟಿನಂಥ ನೀರು ತುಂಬಿದಾಗ ಹೀಗಾಗುತ್ತದೆ.

ಇನ್ನು ಎಷ್ಟು ಕೇಳುತ್ತದೆ ಎಂದು ಅಳೆಯಬೇಕು. 'ಪೀಂ' ಎಂಬ ಸದ್ದು ಕೇಳಿದಾಗಲೆಲ್ಲ ಮರದ ತುಂಡೊಂದನ್ನು ಡಬ್ಬಿಗೆ ಹಾಕುವ ಆಟ. ಈ ಸಲ ಅವಳೆದುರು ಕೂತು ಗಟ್ಟಿಯಾಗಿ ವಿವರಿಸಿದೆ. ಎರಡೇ ನಿಮಿಷದಲ್ಲಿ ಆಟ ಕಲಿತಳು. ಆದರೆ ಮದುವೆಯ ಬ್ಯಾಂಡೊಂದು ರಸ್ತೆಯಲ್ಲಿ ನಿಂತುಬಿಟ್ಟಿತು. ನಮ್ಮ ಕೋಣೆಯ ಗೋಡೆಗೆ ಅದನ್ನು ತಡೆಯುವ ತಾಕತ್ತಿರಲಿಲ್ಲ. ಅರ್ಧಕ್ಕೆ ನಿಲ್ಲಿಸಿ, ಬ್ಯಾಂಡು ಸಾಗಿದ ಮೇಲೆ ಮೊದಲಿನಿಂದ ಶುರು ಮಾಡಿದೆ. ಬಲಗಿವಿ ನಲವತ್ತೈದು ಡೆಸಿಬೆಲ್, ಎಡಗಿವಿ ನಲವತ್ತು. ಮಾಮೂಲಿ ದನಿಯ ಮಾತು ಅವಳಿಗೆ ಗೊಣಗಾಟದ ಹಾಗೆ ಕೇಳುತ್ತಿತ್ತು.

ನಮ್ಮ ಕಿವಿ, ಮೂಗು, ಗಂಟಲಿನ ಡಾಕ್ಟರು ನೋಡಿ, ಮಕ್ಕಳಲ್ಲಿ ಇದು ತೀರಾ ಸಾಮಾನ್ಯ, ಬಹಳಷ್ಟು ಸಲ ತಾನಾಗಿಯೇ ಇಳಿಯುತ್ತದೆ, ಮೂರು ತಿಂಗಳು ಕಾಯೋಣ, ಇಳಿಯದಿದ್ದರೆ ಪರದೆಯಲ್ಲಿ ಸಣ್ಣ ನಳಿಕೆ ಇಟ್ಟು ನೀರು ತೆಗೆಯೋಣ ಎಂದರು. ಆ ಮೂರು ತಿಂಗಳು ಮಗು ಎಂಥ ಕೋಣೆಯಲ್ಲಿ, ಎಂಥ ಟೀಚರ ಎದುರು ಕೂರುತ್ತದೆ ಎಂಬುದೇ ಈಗ ಮುಖ್ಯ ಎಂದು ನನ್ನನ್ನು ನೋಡಿದರು.

ಅಂದೇ ಹೊಸ ವರದಿ ಬರೆದೆ. ಹಳೆಯದಕ್ಕೆ 'ತಿದ್ದುಪಡಿ' ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಹಾಗೆ ಟೈಪ್ ಮಾಡಿ, ಓದಿ, ಅಳಿಸಿದೆ. 'ನನ್ನ ಹಿಂದಿನ ವರದಿ ತಪ್ಪು. ಶ್ರವಣ ಪರೀಕ್ಷೆ ಮುಗಿಯುವ ಮೊದಲೇ ತೀರ್ಮಾನಕ್ಕೆ ಬಂದಿದ್ದೆ. ಅದನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ' ಎಂದು ಬರೆದು ಸಹಿ ಹಾಕಿದೆ.

ಅದನ್ನು ಹಿಡಿದು ದೊಡ್ಡ ಶಾಲೆಗೆ ನಾನೇ ಹೋದೆ. ಪ್ರಿನ್ಸಿಪಾಲ್ ಮೇಡಂ ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು, "ತೀನ್ ಹಫ್ತೇ ಮೇಂ ದೋ ರಿಪೋರ್ಟ್? ಹಮ್ ಕಿಸ್ಕೋ ಮಾನೇಂ?" ಎಂದರು. ಮೂರು ವಾರದಲ್ಲಿ ಎರಡು ವರದಿ, ಯಾವುದನ್ನು ನಂಬಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಪರೀಕ್ಷೆಯ ಗೆರೆಗಳನ್ನು ತೋರಿಸಿದೆ, ವಿವರಿಸಿದೆ, ಮರುದಿನ ಡಾಕ್ಟರ ಪತ್ರವನ್ನೂ ಒಯ್ದೆ. ಕಚೇರಿಯ ಬೆಂಚಿನ ಮೇಲೆ ಎರಡು ಮಧ್ಯಾಹ್ನ ಕೂತೆ. ಮೂರನೇ ದಿನ ಸೀಟು ಕೊಡುತ್ತೇವೆ ಎಂದರು. ತಂದೆಗೆ ಫೋನ್ ಮಾಡಿ ಹೇಳಿದೆ. "ಭಾಳ ಉಪಕಾರ ಆತ್ರಿ ಮೇಡಮ್ಮಾರ. ಆ ಶಾಲೀ ವ್ಯಾನು ನಮ್ಮ ಗಲ್ಲಿ ತುದೀಗೇ ಬರ್ತೈತಿ," ಎಂದರು.

ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ನನ್ನ ತಪ್ಪು ಸರಿಯಾಗಿತ್ತು. ಆದರೆ ಟೀಚರಿಗೆ ನಾಲ್ಕು ಸೂಚನೆ ಕೊಡೋಣವೆಂದು ನರ್ಸರಿ ತರಗತಿಗೆ ಹೋಗಿ ಅರ್ಧ ಗಂಟೆ ಹಿಂದೆ ಕೂತೆ. ಚಂದದ ಕೋಣೆ. ನೆಲಕ್ಕೆ ಹೊಳೆಯುವ ಟೈಲ್ಸು, ಗೋಡೆಗೆ ಗಾಜಿನ ಕಿಟಕಿ, ಮುಂದೆ ದೊಡ್ಡ ಟೀವಿ ಪರದೆ. ನಲವತ್ತು ಮಕ್ಕಳು. ಬಟ್ಟೆ, ಚಾಪೆ, ಮರ ಇಲ್ಲದ ಕೋಣೆಯಲ್ಲಿ ಪ್ರತಿ ಸದ್ದೂ ಗೋಡೆಗೆ ಬಡಿದು ಮರಳಿ ಬರುತ್ತಿತ್ತು. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ತೆರೆದೆ: ಎಪ್ಪತ್ತೈದು ಡೆಸಿಬೆಲ್ ಆಸುಪಾಸು. ಟೀಚರು ಒಳ್ಳೆಯವರೇ, ಆದರೆ ಪಾಪ, ಬೋರ್ಡಿನ ಕಡೆ ತಿರುಗಿ ಬರೆಯುತ್ತಲೇ ಮಾತಾಡಬೇಕಿತ್ತು. ಮೊದಲ ಸಾಲಿನಲ್ಲಿ ಕೂರಿಸಿದರೂ ಚಿನ್ನಿಗೆ ಇಲ್ಲಿ ಸಿಗುವುದು ಗದ್ದಲ ಮಾತ್ರ. ಒಂದೇ ತಿಂಗಳಲ್ಲಿ ಅವಳು ಮತ್ತೆ ಗೋಡೆಗೆ ಅಂಟುತ್ತಾಳೆ. ಆಗ ನನ್ನ ಮೊದಲ ವರದಿಯನ್ನು ಯಾರೋ ಕಡತದಿಂದ ಹೊರಗೆ ತೆಗೆಯುತ್ತಾರೆ.

ಗೇಟಿನಿಂದ ಹೊರಬಂದವಳಿಗೆ ಮನೆಗೆ ಹೋಗಲಾಗಲಿಲ್ಲ. ಅಸ್ಸಿ ಘಾಟಿನವರೆಗೆ ನಡೆದು, ವಾಪಸು ನಡೆದೆ. ಮೂರು ದಿನ ಕಾಡಿ ಗಿಟ್ಟಿಸಿದ ಸೀಟು ಬೇಡ ಎಂದು ಆ ತಂದೆಗೆ ಯಾವ ಬಾಯಲ್ಲಿ ಹೇಳುವುದು?

ಬೇಡ ಎನ್ನುವ ಮೊದಲು ಇನ್ನೊಂದನ್ನು ತೋರಿಸಬೇಕಲ್ಲ. ಮುಂದಿನ ಮೂರು ದಿನ ಕ್ಲಿನಿಕ್ಕಿಗೆ ಮಧ್ಯಾಹ್ನದಿಂದ ಬರುತ್ತೇನೆಂದು ಹೇಳಿ, ಬೆಳಿಗ್ಗೆ ಶಾಲೆಗಳನ್ನು ನೋಡಿದೆ. ಒಂದು ಮುಖ್ಯರಸ್ತೆಯ ಮೇಲೆ, ಪಕ್ಕದಲ್ಲೇ ಜನರೇಟರು. ಒಂದರಲ್ಲಿ ಮಕ್ಕಳು ಕಡಿಮೆ, ಆದರೆ ಟೀಚರು ಬಾಗಿಲಲ್ಲಿ ನಿಂತೇ ಕೂಗಿ ಹೇಳುತ್ತಿದ್ದರು. ಒಂದರಲ್ಲಿ ನನ್ನನ್ನು ಒಳಗೇ ಬಿಡಲಿಲ್ಲ. ನಾಲ್ಕನೆಯದು ಹನುಮಾನ್ ಘಾಟ್ ಹತ್ತಿರದ ಗಲ್ಲಿಯ ಒಂದು ಹಳೆಯ ಮನೆ. ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಹದಿನಾರು ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದರು. ನೆಲಕ್ಕೆ ದಪ್ಪ ಜಮಖಾನೆ, ಬಾಗಿಲಿಗೆ ರಜಾಯಿ ಬಟ್ಟೆಯ ಪರದೆ. ಗಲ್ಲಿ ಕಿರಿದಾದ್ದರಿಂದ ಗಾಡಿ ಬರುವಂತಿರಲಿಲ್ಲ. ಆ್ಯಪಿನಲ್ಲಿ ಐವತ್ತೈದು ದಾಟಲಿಲ್ಲ.

ಅಂಕಿಗಿಂತ ಹೆಚ್ಚಾಗಿ ನಾನು ಆ ಶಿಕ್ಷಕಿಯನ್ನು ನೋಡಿದೆ. ಮೊಣಕಾಲು ನೋವಿದ್ದರೂ ಪ್ರತಿ ಮಗುವಿನೆದುರು ಕೂತು, ಹೆಗಲು ಮುಟ್ಟಿ, ಅದು ತಿರುಗಿದ ಮೇಲೆಯೇ ಮಾತಾಡುತ್ತಿದ್ದರು. ಅದನ್ನು ನಾವು ತರಬೇತಿ ಕೊಟ್ಟು ಕಲಿಸುತ್ತೇವೆ. ಅವರಿಗೆ ಯಾರೂ ಕಲಿಸಿರಲಿಲ್ಲ.

ಚಿನ್ನಿಯ ವಿಷಯವೆಲ್ಲ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಅವರು ಎಲೆಯಡಿಕೆ ಅಗಿಯುತ್ತ ಕೇಳಿದರು. ವರದಿಯನ್ನು ಕೇಳಲೇ ಇಲ್ಲ. ಬದಲಿಗೆ, "ಬಿಟಿಯಾ ಕೇ ಪೇಸಾಬ್ ಲಾಗೀ ತ ಕಾ ಕಹೀ?" ಎಂದರು.

ಮಗುವಿಗೆ ಮೂತ್ರ ಬಂದರೆ ಏನನ್ನುತ್ತಾಳೆ. ಇಷ್ಟು ಶಾಲೆ ತಿರುಗಿದೆ, ಯಾರೂ ಇದನ್ನು ಕೇಳಿರಲಿಲ್ಲ. "ಒಂದಕ್ಕ" ಎಂದೆ. ಅವರು ಒಂದು ನೋಟ್‌ಬುಕ್ ತೆಗೆದು ದೇವನಾಗರಿಯಲ್ಲಿ ಬರೆದುಕೊಂಡರು. ನೀರು, ಹಸಿವು, ನೋವು, ಅವ್ವ, ಮನೆ, ಬೇಡ. ಹನ್ನೊಂದು ಪದಗಳಾದವು. ಪ್ರತಿಯೊಂದನ್ನೂ ಎರಡೆರಡು ಸಲ ನನ್ನಿಂದ ಹೇಳಿಸಿ, ತಾವೂ ಹೇಳಿ ನೋಡಿದರು. "ಹಸಿವು" ಅವರ ಬಾಯಲ್ಲಿ "ಹಸೀವೂ" ಆಗುತ್ತಿತ್ತು.

ಅಂದು ಸಂಜೆಯೇ ಜಂಗಮವಾಡಿಗೆ ಹೋದೆ. ತಂದೆ ಆಫೀಸಿನಿಂದ ಬಂದಿದ್ದರು. ಹೇಳಿ ಮುಗಿಸುತ್ತಿದ್ದಂತೆ ಎದ್ದು ನಿಂತರು.

"ಮೊದಲ ನೀವ ನರ್ಸರಿ ಬ್ಯಾಡ ಅಂತ ಬರದ್ರಿ. ಆಮ್ಯಾಲ ನೀವ ಹೋಗಿ ಸೀಟ್ ತಗೊಂಡ್ ಬಂದ್ರಿ. ಈಗ ಅದೂ ಬ್ಯಾಡ ಅಂತೀರಿ. ನಾವೇನ್ ಮನಶ್ಯಾರೋ ಅಲ್ಲೋ? ನಾಲ್ಕ್ ದಿನದಾಗ ನಮ್ಮ ತಮ್ಮ ಬರ್ತಾನ. ಆ ಮನೀಗೆ ಒಂದ್ ಬೋರ್ಡರೆ ಐತೇನ್ರಿ? ಯೂನಿಫಾರ್ಮ್ ಐತೇನು? ಅಲ್ಲಿ ಕಲ್ತ್ ಮ್ಯಾಲ ಯಾವ ಶಾಲಿ ತಗೋತೈತಿ ಇಕೀನ್ನ?"

"ಬೋರ್ಡಿಲ್ಲ," ಎಂದೆ. "ಮುಂದೆ ಯಾವ ಶಾಲೆ ತೆಗೆದುಕೊಳ್ಳುತ್ತೆ ಅಂತ ನಾನು ಖಾತ್ರಿ ಕೊಡೋಕಾಗಲ್ಲ. ಈ ಮೂರು ತಿಂಗಳು ಅವಳಿಗೆ ಎಲ್ಲಿ ಕೇಳಿಸುತ್ತೆ ಅನ್ನೋದು ಮಾತ್ರ ನನಗೆ ಗೊತ್ತು. ನನ್ನ ಮೇಲೆ ಸಿಟ್ಟಾಗಿ, ಅದು ಸರಿಯೇ. ಆದರೆ ನೋಡದೇ ತೀರ್ಮಾನ ಮಾಡಬೇಡಿ. ನಾನು ಒಮ್ಮೆ ಹಾಗೆ ಮಾಡಿದ್ದೇನೆ."

ಆತ ಕಿಟಕಿಯ ಕಡೆ ತಿರುಗಿದರು. ತಾಯಿ, "ನಾ ಹೋಗಿ ಕೂತು ನೋಡ್ತೀನಿ. ಎರಡೂ ಕಡೆ. ಹೆತ್ತಾಕಿಗೆ ತಿಳೀದ ಹೋಗ್ತೈತೇನು?" ಎಂದರು.

ಮರುದಿನ ಅಡುಗೆಮನೆಗೆ ರಜೆ ಹಾಕಿ, ಚಿನ್ನಿಯನ್ನು ಕರೆದುಕೊಂಡು ಎರಡೂ ಕಡೆ ಒಂದೊಂದು ಗಂಟೆ ಕೂತರು. ನಾನು ಬರಬಾರದು ಎಂದಿದ್ದರು. ಕ್ಲಿನಿಕ್ಕಿನಲ್ಲಿ ಅಂದು ನಾನು ಒಂದು ಮಗುವಿನ ವಯಸ್ಸನ್ನು ತಪ್ಪು ಬರೆದೆ, ಕೈಯಲ್ಲೇ ಹಿಡಿದಿದ್ದ ಇನ್ನೊಂದರ ಫೈಲನ್ನು ಎಲ್ಲೆಲ್ಲೋ ಹುಡುಕಿದೆ. ಮೂರು ಗಂಟೆಗೆ ಫೋನ್ ಬಂತು.

"ದೊಡ್ಡ ಶಾಲ್ಯಾಗ ನನ್ನ ತೊಡಿ ಬಿಟ್ಟು ಇಳೀಲಿಲ್ರಿ. ನನಗೂ ತಲಿ ಗಿಂವ್ ಅಂತು. ಇಲ್ಲಿ ಆ ದೀದಿ ಬಂದು ಎದುರಿಗೆ ಕೂತು 'ಹಸೀವೂ?' ಅಂದ್ರು. ಇಕಿ ಅವರ ಬಾಯಿ ನೋಡಿ ನಕ್ಕಳು. 'ಹಂಗಲ್ಲ, ಹಸಿವು' ಅಂತ ತಿದ್ದಿದ್ಳು." ಹಿಂದಿನಿಂದ ಚಿನ್ನಿಯ ನಗು ಕೇಳಿಸಿತು. "ಇಲ್ಲೇ ಹಾಕ್ತೀನ್ರಿ ಅಕ್ಕಾರ. ನಮ್ಮನೇರಿಗೆ ನಾ ಹೇಳ್ತೀನಿ."

ಹೇಗೆ ಹೇಳಿದರೋ ಗೊತ್ತಿಲ್ಲ. ಚಿಕ್ಕಪ್ಪ ಬಂದವನು ಗಂಗಾಸ್ನಾನ ಮುಗಿಸಿ ಒಬ್ಬನೇ ಊರಿಗೆ ಮರಳಿದ. ತಂದೆ ಮಾತ್ರ ನನ್ನೊಡನೆ ಬಹಳ ದಿನ ಮಾತಾಡಲಿಲ್ಲ. ಏಪ್ರಿಲ್ ತಿಂಗಳಲ್ಲಿ ಒಮ್ಮೆ ಗಲ್ಲಿಯಲ್ಲಿ ಮಗಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ತಳ್ಳುತ್ತ ಹೋಗುವಾಗ ಎದುರಾದರು. ತಲೆ ಬಾಗಿಸಿ ಮುಂದೆ ಹೋದರು.

ಜುಲೈನಲ್ಲಿ ತಾಯಿ ಮಗಳಿಬ್ಬರೂ ಮರುಪರೀಕ್ಷೆಗೆ ಬಂದರು. ಎಡಗಿವಿಯಲ್ಲಿ ಗುಡ್ಡದ ಗೆರೆ ಚೆನ್ನಾಗಿ ಬಂತು. ಬಲಗಿವಿ ಇನ್ನೂ ಚಪ್ಪಟೆ. ಡಾಕ್ಟರು, ಒಂದು ಕಿವಿ ಸರಿಯಾಗಿದೆ, ನಳಿಕೆಗೆ ಅವಸರ ಬೇಡ, ಇನ್ನೆರಡು ತಿಂಗಳು ನೋಡೋಣ ಎಂದರು. ತಾಯಿಗೆ ಅದನ್ನು ಹೇಳುತ್ತಿದ್ದಾಗ ಚಿನ್ನಿ ಕೋಣೆಯ ತುಂಬ ಓಡಾಡುತ್ತ, ನನ್ನ ಆಟಿಕೆಗಳನ್ನು ತೆಗೆದು ಹರಡುತ್ತ, "ಈ ಕಾ ಹ? ಊ ಕೇಕರ್ ಹ?" ಎಂದು ಅಪ್ಪಟ ಬನಾರಸಿ ಮಗುವಿನಂತೆ ಎಲ್ಲದಕ್ಕೂ ಇದೇನು, ಅದ್ಯಾರದು ಎಂದು ಕೇಳುತ್ತಿದ್ದಳು.

ತಾಯಿ ಅವಳನ್ನೇ ನೋಡುತ್ತಿದ್ದರು. "ಈಗ ಮನ್ಯಾಗೂ ಹಿಂಗ ಮಾತಾಡ್ತಾಳ್ರಿ. ನಾ ಕನ್ನಡದಾಗ ಕೇಳಿದ್ರ ಹಿಂದ್ಯಾಗ ಹೇಳ್ತಾಳ. ಅವತ್ತು ಮಾತಿಲ್ಲ ಅಂತ ಚಿಂತಿ ಇತ್ತು, ಈಗ..." ನಿಲ್ಲಿಸಿ, ಮತ್ತೆ ಕೇಳಿದರು, "ನಮ್ಮ ಮಾತು ಹೋಗೂದಿಲ್ಲಲ್ರಿ ಅಕ್ಕಾರ?"

ಈ ಊರಿನಲ್ಲಿ ಬೆಳೆದ ಎಷ್ಟೋ ಕನ್ನಡದ ಮನೆಯ ಮಕ್ಕಳು ನನಗೆ ಗೊತ್ತು. ಹೋಗುವುದಿಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. "ನೀವು ಬಿಡದೇ ಮಾತಾಡ್ತಾ ಇದ್ರೆ ಸ್ವಲ್ಪವಾದರೂ ಉಳಿಯುತ್ತೆ," ಎಂದೆ.

ಆಕೆ ಮಗಳ ಕಡೆ ತಿರುಗಿದರು. "ಚಿನ್ನೀ, ಚಪ್ಪಲಿ ಎಲ್ಲಿ ಬಿಟ್ಟಿ?"

"ಬಾಹರ್."

"ಎಲ್ಲಿ?"

ಚಿನ್ನಿ ಕೈಯಲ್ಲಿದ್ದ ಮರದ ಆನೆಯನ್ನು ಕೆಳಗಿಟ್ಟು ಅವ್ವನ ಮುಖ ನೋಡಿದಳು. ತುಟಿ ಒಮ್ಮೆ ತೆರೆದು ಮುಚ್ಚಿತು. ನಾವಿಬ್ಬರೂ ಕಾದೆವು.

"ಹೊರಗ," ಎಂದಳು. ಹೇಳಿದವಳೇ ಚಪ್ಪಲಿ ತರಲು ಓಡಿದಳು.